ಲೋಟದ ತಳದ ಮಣ್ಣು

ಬೆಳಿಗ್ಗೆ ಎದ್ದ ಕೂಡಲೇ ಜನ ಮುಖ ತೊಳೆಯುತ್ತಾರೆ, ಟೀಗೆ ನೀರಿಡುತ್ತಾರೆ, ಇಲ್ಲವೇ ಮನೆಯಲ್ಲಿ ಯಾರು ಮೊದಲು ಕಣ್ಣಿಗೆ ಬಿದ್ದರೋ ಅವರನ್ನು ಬೈಯುತ್ತಾರೆ. ತೂಬಮ್ಮ ಇದ್ಯಾವುದನ್ನೂ ಮಾಡುತ್ತಿರಲಿಲ್ಲ. ಒಂದು ಗಾಜಿನ ಲೋಟ ಹಿಡಿದು ಕಟ್ಟೆಯ ಕಡೆ ಹೊರಡುತ್ತಿದ್ದಳು.

ಕಟ್ಟೆ ಅಂಥ ದೊಡ್ಡದೇನಲ್ಲ. ಎರಡು ದಿಣ್ಣೆಗಳ ನಡುವೆ ಅಡ್ಡಲಾಗಿ ಹಾಕಿದ ಮಣ್ಣಿನ ಏರಿ, ಮೂರಾಳು ಎತ್ತರ, ಮೇಲೆ ನಡೆದರೆ ನಾನೂರು ಹೆಜ್ಜೆ. ಏರಿಯ ಒಂದು ಕಡೆ ನೀರು, ಇನ್ನೊಂದು ಕಡೆ ಹುಲ್ಲು. ಆ ಹುಲ್ಲಿನ ಬುಡದಲ್ಲಿ ಒಂದು ಜಾಗ ಬೇಸಿಗೆಯಲ್ಲೂ ಒದ್ದೆ. ಅಲ್ಲಿಂದ ಕಿರುಬೆರಳಿನಷ್ಟು ನೀರು ಜಿನುಗಿ ಚರಂಡಿಗೆ ಹೋಗುತ್ತಿತ್ತು. ತೂಬಮ್ಮ ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ಲೋಟ ತುಂಬಿಸಿ, ದಿಣ್ಣೆಯ ಮೇಲಿದ್ದ ಮನೆಗೆ ತಂದು, ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದಳು. ಆಮೇಲೆ ಟೀ. ಟೀ ಕುಡಿದು ಮುಗಿಯುವ ಹೊತ್ತಿಗೆ ಲೋಟವನ್ನು ಬೆಳಕಿಗೆ ಎತ್ತಿ ಹಿಡಿದು ತಳ ನೋಡುತ್ತಿದ್ದಳು.

ಇದನ್ನು ಹೇಳಿಕೊಟ್ಟವನು ಅವಳ ಗಂಡ. ಮೂವತ್ತು ವರ್ಷ ಆ ಕಟ್ಟೆಯ ನೀರು ನೋಡಿಕೊಂಡವನು. "ಮಣ್ಣಿನ ಕಟ್ಟೆ ಅಂದ್ಮೇಲೆ ಸೋರುತ್ತೆ ಕಣೇ, ಸೋರ್ಲಿ," ಎನ್ನುತ್ತಿದ್ದ. "ತಿಳಿಯಾಗಿ ಬಂದ್ರೆ ಬರೀ ನೀರು ಹೋಗ್ತಿದೆ ಅಂತ. ತಳದಲ್ಲಿ ಮಣ್ಣು ಕೂತ್ರೆ ಏರೀನೇ ಹೋಗ್ತಿದೆ ಅಂತ. ಅವತ್ತು ಯಾರ ಅಪ್ಪಣೆನೂ ಕಾಯಬೇಡ. ತೂಬು ಎತ್ತಿ ನೀರು ಅರ್ಧಕ್ಕೆ ಇಳಿಸು. ಸೋರೋ ಕಡೆ ಮೊದ್ಲು ಮರಳು, ಮೇಲೆ ಜಲ್ಲಿ, ಅದ್ರ ಮೇಲೆ ಕಲ್ಲು. ನೀರು ಹೊರಗೆ ಬರ್ಲಿ, ಮಣ್ಣು ಒಳಗೇ ನಿಲ್ಲಲಿ. ಬಾಯಿ ಮಾತ್ರ ಮುಚ್ಚಬೇಡ. ಬಾಯಿ ಮುಚ್ಚಿದ್ರೆ ಅದು ಹೊಟ್ಟೆ ಒಡ್ಕೊಂಡು ಬರುತ್ತೆ."

ಮಗಳಿಗೂ ಹೇಳಿಕೊಟ್ಟಿದ್ದ. ಏಳು ವರ್ಷದ ಹುಡುಗಿ ಲೋಟವನ್ನು ಕಣ್ಣಿಗೆ ಅಂಟಿಸಿಕೊಂಡು, "ಅಪ್ಪಾ, ಇವತ್ತೂ ಏನಿಲ್ಲ," ಎಂದು ಬೇಜಾರಿನಿಂದ ಕೂಗುತ್ತಿದ್ದಳು. ಏನಾದರೂ ಇರಲಿ ಎಂಬ ಆಸೆ ಅವಳದು, ಪಾಪ.

ಆರು ವರ್ಷದ ಹಿಂದೆ ಗಂಡ ತೀರಿಕೊಂಡ. ತೂಬು ತಿರುಗಿಸುವ ಕಬ್ಬಿಣದ ಹಿಡಿಯನ್ನು ಕಟ್ಟೆಯ ಕಮಿಟಿಯವರು ಹೆಂಡತಿಯ ಕೈಗೆ ಕೊಟ್ಟರು. ಗೌರವದಿಂದ ಕೊಟ್ಟರು ಎಂದುಕೊಳ್ಳಬೇಡಿ. ಅಷ್ಟು ಬೆಳಿಗ್ಗೆ ಏಳುವವರು ಇನ್ಯಾರೂ ಸಿಗಲಿಲ್ಲ. ಅಂದಿನಿಂದ ಅವಳು ತೂಬಮ್ಮ. ಹೆತ್ತವರು ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿಯಿತು.

ಆ ದಿನ ಬೆಳಿಗ್ಗೆ ಟೀ ಕುಡಿದು ಲೋಟ ಎತ್ತಿದಳು. ತಳದಲ್ಲಿ ಕೂದಲೆಳೆಯಷ್ಟು ಹಳದಿ ಗೆರೆ. ಲೋಟ ತೊಳೆದಿರಲಿಲ್ಲವೇನೋ ಎಂದು ಮತ್ತೊಮ್ಮೆ ತಿಕ್ಕಿ ತೊಳೆದು, ಮತ್ತೊಮ್ಮೆ ಹೋಗಿ ತುಂಬಿಸಿ ತಂದಳು. ಈ ಸಲ ಟೀ ಕುಡಿಯಲಿಲ್ಲ, ಕಿಟಕಿಯ ಮುಂದೆಯೇ ನಿಂತಳು. ನೀರು ನಿಧಾನವಾಗಿ ತಿಳಿಯಾಯಿತು. ತಳದಲ್ಲಿ ಮತ್ತೆ ಅದೇ ಗೆರೆ.

ಎಲ್ಲಿಂದ ಬಂತು ಎಂದು ಯೋಚಿಸಬೇಕಾಗಿರಲಿಲ್ಲ. ಏರಿಯ ಮೇಲೆ, ಸರಿಯಾಗಿ ಆ ಜಾಗದ ನೇರಕ್ಕೆ, ಒಂದು ದೊಡ್ಡ ಮರವಿತ್ತು. ಏರಿಯ ಮೇಲೆ ಮರ ಬೆಳೆಯಲು ಬಿಟ್ಟಿದ್ದು ಗಂಡನ ಕಾಲಕ್ಕಿಂತ ಹಿಂದಿನವರ ತಪ್ಪು. ಗಂಡ ಅದನ್ನು ಮುಟ್ಟಲಿಲ್ಲ. ಕಡಿದರೆ ಬೇರು ಸಮೇತ ಅಗೆದು ಜೇಡಿಮಣ್ಣು ಬಡಿಯಬೇಕು, ಇಲ್ಲದಿದ್ದರೆ ಬೇರು ಕೊಳೆತು ಏರಿಯೊಳಗೆ ಕೊಳವೆ ಬೀಳುತ್ತದೆ ಎನ್ನುತ್ತಿದ್ದ. ಅವನು ಹೋದ ಎರಡು ವರ್ಷಕ್ಕೆ ಕಮಿಟಿಯವರು ಮರ ಕಡಿದರು. ಬುಡದ ಮಟ್ಟಕ್ಕೆ ಕೊಯ್ದು, ಬೇರನ್ನು ಹಾಗೇ ಬಿಟ್ಟು, ಕೈ ಝಾಡಿಸಿಕೊಂಡು ಹೋದರು. ಹಲಗೆಯಲ್ಲಿ ಕಮಿಟಿ ಆಫೀಸಿಗೆ ಒಂದು ಉದ್ದ ಬೆಂಚು ಮಾಡಿಸಿದರು. ಒಳ್ಳೆಯ ಬೆಂಚು, ಆರು ಜನ ಕೂರಬಹುದು.

ಅದೇ ಬೆಂಚಿನ ಮೇಲೆ ಕೂತು ಅವರು ಅವತ್ತು ಮಧ್ಯಾಹ್ನ ತೂಬಮ್ಮನ ಮಾತು ಕೇಳಿದರು. ನಡುವೆ ಅಧ್ಯಕ್ಷರು. ಊರಿನವರು ಅವರಿಗೆ 'ನೋಡೋಣ' ಎಂದು ಹೆಸರಿಟ್ಟಿದ್ದರು, ಯಾಕೆಂದರೆ ಅವರು ಹುಟ್ಟಿದಾಗಿನಿಂದ ಬೇರೆ ಉತ್ತರ ಕೊಟ್ಟವರಲ್ಲ.

"ನೀರು ಅರ್ಧಕ್ಕೆ ಇಳಿಸಬೇಕು," ಎಂದಳು ತೂಬಮ್ಮ. "ಎರಡು ಲೋಡು ಮರಳು, ಒಂದು ಲೋಡು ಜಲ್ಲಿ ಬೇಕು."

ಅರ್ಧಕ್ಕೆ ಎಂದ ಕೂಡಲೇ ಬೆಂಚಿಗೆ ಬೆಂಕಿ ಬಿದ್ದಂತಾಯಿತು. ಕಟ್ಟೆಯೊಳಗೆ, ಅರ್ಧಕ್ಕಿಂತ ತುಸು ಮೇಲೆ, ಒಂದು ಗುರುತಿನ ಕಲ್ಲಿತ್ತು. ನೀರು ಆ ಕಲ್ಲಿಗಿಂತ ಕೆಳಗಿಳಿದರೆ ಉಳಿದದ್ದು ದನಕರುಗಳಿಗೆ ಮತ್ತು ಮನೆಬಳಕೆಗೆ ಮಾತ್ರ. ಇಟ್ಟಿಗೆಗಿಲ್ಲ, ತೋಟಕ್ಕಿಲ್ಲ, ಯಾರಿಗೂ ಇಲ್ಲ. ಮುಂದಿನ ಮಳೆಯ ತನಕ ಹಾಗೇ. ಅದು ಹಳೆಯ ಕಟ್ಟಳೆ, ಊರಿನಲ್ಲಿ ಎಲ್ಲರೂ ಪಾಲಿಸುತ್ತಿದ್ದ ಒಂದೇ ಒಂದು ಕಟ್ಟಳೆ.

"ನಂದು ಇನ್ನೂ ಹಸಿ ಇಟ್ಟಿಗೆ, ಗೂಡಿಗೆ ಹೋಗಿಲ್ಲ," ಎಂದ ಇಟ್ಟಿಗೆಯವನು. "ಮಣ್ಣು ಕಲಸೋಕೆ ಏನ್ ಉಗುಳು ಹಾಕ್ಲಾ?"

"ಮೀನು ಇನ್ನೂ ಬೆರಳುದ್ದ," ಎಂದ ಮೀನು ಸಾಕುವವನು.

"ಒಂದ್ ಎಳೆ ಮಣ್ಣಿಗೆ ಇಷ್ಟು ಗಲಾಟೆನಾ, ಅತ್ತಿಗೆ?" ಎಂದು ನಕ್ಕವನು ಅವಳ ಮೈದುನ. ಗಾರೆ ಕೆಲಸದವನು. ಅವನಿಗೆ ಊರಿನಲ್ಲಿ ಸಿಮೆಂಟಪ್ಪ ಎಂದೇ ಹೆಸರು. ಗೋಡೆ ಬಿರುಕು ಬಿಟ್ಟರೂ ಸಿಮೆಂಟು, ಹಂಡೆ ತೂತಾದರೂ ಸಿಮೆಂಟು, ಬಿಟ್ಟಿದ್ದರೆ ನೆಗಡಿಗೂ ಅದನ್ನೇ ಮೆತ್ತುತ್ತಿದ್ದ. "ನಾಲ್ಕು ಮೂಟೆ ಕೊಡಿ, ಸೋರೋ ಬಾಯಿಗೆ ಬಿರಡೆ ಹಾಕ್ಬಿಡ್ತೀನಿ. ಒಂದ್ ಹನಿ ಬಂದ್ರೆ ನನ್ನ ಮೀಸೆ ಬೋಳಿಸ್ಕೊಳ್ತೀನಿ."

"ಬಾಯಿ ಮುಚ್ಚಬಾರದು ಅಂತಿದ್ರಲ್ಲ ನಿಮ್ಮಣ್ಣ."

"ಅಣ್ಣನ ಕಾಲದಲ್ಲಿ ಈ ಥರ ಸಿಮೆಂಟು ಎಲ್ಲಿತ್ತು?"

ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಕನ್ನಡಕ ಒರೆಸಿಕೊಂಡು, "ನೋಡೋಣ," ಎಂದರು.

ತೂಬಮ್ಮ ಮನೆಗೆ ಬಂದು ಬಾಗಿಲ ಹಿಂದೆ ನೇತುಹಾಕಿದ್ದ ಹಿಡಿಯನ್ನು ತೆಗೆದುಕೊಂಡಳು. ಗಂಡ ಹೇಳಿದ್ದ, ಯಾರ ಅಪ್ಪಣೆಯೂ ಬೇಡ ಎಂದು. ಇಪ್ಪತ್ತು ಸುತ್ತು ತಿರುಗಿಸಿದರೆ ತೂಬಿನ ಹಲಗೆ ಪೂರ್ತಿ ಮೇಲೇಳುತ್ತದೆ, ಮೂರು ದಿನಕ್ಕೆ ನೀರು ಅರ್ಧಕ್ಕೆ ಬರುತ್ತದೆ. ಆಮೇಲೆ ಬೈದರೆ ಬೈಯಲಿ. ಬೈಸಿಕೊಳ್ಳುವುದನ್ನು ಅವಳೇನೂ ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಹೀಗಂದುಕೊಂಡು ಏರಿ ಹತ್ತಿದಳು. ತೂಬಿನ ಕಲ್ಲಿನ ಹತ್ತಿರ ಹೋಗಿ ಹಿಡಿಯನ್ನು ತಿರುಪಿಗೆ ಸಿಕ್ಕಿಸಿದಳು.

ಕೆಳಗೆ ಏರಿಯ ಬುಡಕ್ಕೆ ಅಂಟಿಕೊಂಡೇ ಮಗಳ ಸಸಿ ತೋಟ. ಹಸಿರು ಬಲೆಯ ಚಪ್ಪರ, ಚಪ್ಪರದ ಕೆಳಗೆ ಸಾಲುಸಾಲಾಗಿ ಸಸಿಗಳ ತಟ್ಟೆ: ಟೊಮೆಟೊ, ಮೆಣಸಿನಕಾಯಿ, ಬದನೆ, ಎಲೆಕೋಸು. ಒಂದೊಂದು ಕುಳಿಯಲ್ಲಿ ಒಂದೊಂದು ಎರಡೆಲೆಯ ಸಸಿ. ಮಗಳು ಪೈಪು ಹಿಡಿದು ಮಂಜಿನ ಹಾಗೆ ನೀರು ಹಾಯಿಸುತ್ತಿದ್ದವಳು ತಲೆಯೆತ್ತಿ ನೋಡಿದಳು. ಅಮ್ಮ ಹೊತ್ತಲ್ಲದ ಹೊತ್ತಿನಲ್ಲಿ ತೂಬಿನ ಹತ್ತಿರ. ಪೈಪು ಬಿಸಾಡಿ ಓಡಿ ಬಂದಳು.

"ಏನಮ್ಮಾ ಮಾಡ್ತಿದೀಯ?"

ತೂಬಮ್ಮ ಲೋಟದ ವಿಷಯ, ಕಮಿಟಿಯಲ್ಲಿ ನಡೆದ ಮಾತು ಎಲ್ಲಾ ಹೇಳಿದಳು.

"ಎಷ್ಟಿತ್ತು ಮಣ್ಣು?"

"ಕೂದಲೆಳೆಯಷ್ಟು."

ಮಗಳು ಕೆಳಗಿನ ಚಪ್ಪರದ ಕಡೆ ತಿರುಗಿ ನೋಡಿದಳು. ಕೈಯಲ್ಲಿ ಮಣ್ಣು, ಮೊಣಕೈವರೆಗೆ ನೀರು. "ಇಪ್ಪತ್ತು ದಿನ ಕೊಡಮ್ಮ," ಎಂದಳು. "ಇಪ್ಪತ್ತೇ ದಿನ. ಸಸಿ ನಾಲ್ಕೆಲೆಗೆ ಬರುತ್ತೆ, ಎಲ್ಲಾ ಕಡೆಯಿಂದ ಕೇಳಿಟ್ಟಿದಾರೆ. ಈಗ ನೀರು ನಿಂತ್ರೆ ಎರಡೇ ದಿನಕ್ಕೆ ಎಲ್ಲಾ ಬಾಡಿ ಹೋಗುತ್ತೆ. ಇಪ್ಪತ್ತೊಂದನೇ ದಿನ ನಾನೇ ಬಂದು ನಿನ್ ಜೊತೆ ತಿರುಗಿಸ್ತೀನಿ. ಚಿಕ್ಕಪ್ಪ ಏನೋ ಮೆತ್ತುತೀನಿ ಅಂತಿದ್ರಲ್ಲ, ಅಲ್ಲೀವರೆಗೆ ತಡೆಯಲ್ವಾ?"

ಬೇರೆ ಯಾರೇ ಕೇಳಿದ್ದರೂ ತೂಬಮ್ಮ ತಿರುಗಿಸಿಯೇ ಬಿಡುತ್ತಿದ್ದಳು. ಕೇಳಿದ್ದು ಮಗಳು.

ಐದು ವರ್ಷದ ಹಿಂದೆ ಇದೇ ಮಗಳು ಗಂಡನ ಮನೆಯಿಂದ ಒಂದು ಚೀಲ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದಳು. ತುಟಿ ಒಡೆದಿತ್ತು. "ಅಲ್ಲಿರೋಕಾಗಲ್ಲಮ್ಮ," ಎಂದಿದ್ದಳು. ತೂಬಮ್ಮ ಬಾಗಿಲಿಗೆ ಅಡ್ಡ ನಿಂತು, "ಎಲ್ಲಾ ಸರಿ ಹೋಗುತ್ತೆ, ಹೋಗು," ಎಂದು ಹೊಸಿಲು ದಾಟಿಸದೆ ಕಳಿಸಿದ್ದಳು. ಗಂಡ ಸತ್ತು ವರ್ಷವೂ ಆಗಿರಲಿಲ್ಲ, ಜನ ಏನಂದಾರು ಎಂಬ ಭಯ. ಮಗಳು ತಿರುಗಿ ಹೋಗಿದ್ದಳು. ಮತ್ತೆ ಬಂದದ್ದು ಮೂರು ವರ್ಷದ ಮೇಲೆ, ಎಡಗೈ ನೆಟ್ಟಗೆ ಮಾಡಲಾಗದ ಸ್ಥಿತಿಯಲ್ಲಿ. ಆ ಸಲ ಯಾರನ್ನೂ ಕೇಳಲಿಲ್ಲ, ಸೀದಾ ಒಳಗೆ ಬಂದು ಗೋಡೆಗೊರಗಿ ಕೂತಳು. ಎರಡು ತಿಂಗಳು ಹಾಗೇ ಕೂತಿದ್ದಳು. ಆಮೇಲೊಂದು ದಿನ ಹಳೆಯ ತಟ್ಟೆಯಲ್ಲಿ ನಾಲ್ಕು ಮೆಣಸಿನ ಬೀಜ ಊರಿದಳು. ಈ ಚಪ್ಪರ, ಈ ಸಾಲು, ಈ ಹಸಿರೆಲ್ಲಾ ಆ ನಾಲ್ಕು ಬೀಜದಿಂದ ಎದ್ದದ್ದು.

ಆ ಬಾಗಿಲು ತೂಬಮ್ಮನ ಎದೆಯೊಳಗೆ ಮುಚ್ಚಿರಲೇ ಇಲ್ಲ. ಇನ್ನೊಮ್ಮೆ ಈ ಹುಡುಗಿಗೆ ಇಲ್ಲ ಎನ್ನುವ ಶಕ್ತಿ ಅವಳ ನಾಲಗೆಗಿರಲಿಲ್ಲ.

"ಇಪ್ಪತ್ತು ದಿನ ಅಲ್ವಾ," ಎಂದು ಹಿಡಿಯನ್ನು ತಿರುಪಿನಿಂದ ಬಿಡಿಸಿಕೊಂಡಳು. "ನೋಡೋಣ."

ತನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಅವಳಿಗೇ ಅಸಹ್ಯವಾಯಿತು.

ಮರುದಿನ ಸಿಮೆಂಟಪ್ಪ ಬಂದ. ಸೋರುವ ಜಾಗವನ್ನು ಅಗೆದು, ಕಲ್ಲು ತುರುಕಿ, ಸಿಮೆಂಟು ಸುರಿದು, ಮೇಲೆ ಕರಣೆಯಿಂದ ನೀಟಾಗಿ ನಯ ಮಾಡಿ, ಮೂಲೆಯಲ್ಲಿ ತಾರೀಕನ್ನೂ ಕೊರೆದ. ಒಂದು ಹಾಸಿಗೆಯಷ್ಟು ಅಗಲದ ಬೂದು ಚಪ್ಪಡಿ. ಸಂಜೆಗೆ ಜಿನುಗು ನಿಂತಿತು. ಜನ ಬಂದು ಕೈಯಿಟ್ಟು ನೋಡಿ, ತಲೆದೂಗಿ ಹೋದರು. ಕಟ್ಟೆ ಹುಟ್ಟಿದಾಗಿನಿಂದ ಒದ್ದೆಯಾಗಿದ್ದ ನೆಲ ಒಣಗಿತ್ತು.

ಬೆಳಿಗ್ಗೆ ತೂಬಮ್ಮ ಲೋಟ ಹಿಡಿದು ಹೋದಳು, ಖಾಲಿ ಲೋಟ ಹಿಡಿದು ಬಂದಳು. ಮರುದಿನವೂ ಹಾಗೇ. ಮೂರನೆಯ ದಿನ ಲೋಟವನ್ನು ಕಿಟಕಿಯಲ್ಲಿ ಬೋರಲು ಹಾಕಿದಳು. ಆದರೂ ಕಾಲು ಕೇಳಬೇಕಲ್ಲ! ಎದ್ದ ಕೂಡಲೇ ಅದು ಅತ್ತಲೇ ಎಳೆಯುತ್ತಿತ್ತು. ಹೋಗಿ ಏರಿಯ ಬುಡದುದ್ದಕ್ಕೂ ಬರಿಗಾಲಿನಲ್ಲಿ ನಡೆಯುತ್ತಿದ್ದಳು. ಹತ್ತನೆಯ ದಿನ ಚಪ್ಪಡಿಯ ಮೇಲ್ಗಡೆ, ಯಾವತ್ತೂ ಒಣಗಿರುತ್ತಿದ್ದ ಕಡೆ, ಹುಲ್ಲು ಕಡುಹಸಿರಾಗಿತ್ತು. ಹದಿಮೂರನೆಯ ದಿನ ಅಲ್ಲಿ ಹಿಮ್ಮಡಿ ಊರಿದರೆ ಒಳಗೆ ಹೋಗುತ್ತಿತ್ತು. ಮೈದುನನನ್ನು ಕರೆದು ತೋರಿಸಿದಳು.

"ಇಬ್ಬನಿ ಅತ್ತಿಗೆ," ಎಂದ ಅವನು.

ದಿನ ಎಣಿಸುವುದೊಂದೇ ಅವಳಿಗೆ ಉಳಿದ ಕೆಲಸವಾಯಿತು. ಹದಿನಾಲ್ಕು. ಹದಿನೈದು. ರೊಟ್ಟಿ ತಟ್ಟುವಾಗಲೂ ಎಣಿಸುತ್ತಿದ್ದಳು. ಹಿಡಿಯನ್ನು ಬಾಗಿಲ ಹಿಂದಿನಿಂದ ತೆಗೆದು ದಿಂಬಿನ ಪಕ್ಕ ಇಟ್ಟುಕೊಂಡಳು. ಅದರಿಂದ ಕಟ್ಟೆಗೇನು ಉಪಯೋಗವೋ, ಅವಳಿಗೇ ಗೊತ್ತಿರಲಿಲ್ಲ.

ಹದಿನೇಳನೆಯ ದಿನ ಬೆಳಿಗ್ಗೆ ಮಗಳ ಚಪ್ಪರದ ಹಿಂದೆ, ಚಪ್ಪಡಿಯಿಂದ ಹತ್ತು ಹೆಜ್ಜೆ ಆಚೆ, ಹೊಸ ಊಟೆ ಎದ್ದಿತ್ತು. ಇದು ಜಿನುಗುತ್ತಿರಲಿಲ್ಲ, ಉಕ್ಕುತ್ತಿತ್ತು. ಹಾಲು ಉಕ್ಕಿದ ಹಾಗೆ ಬುಡಬುಡ ಎನ್ನುತ್ತಿತ್ತು. ತೂಬಮ್ಮ ಮನೆಗೆ ಓಡಿ, ಬೋರಲು ಹಾಕಿದ್ದ ಲೋಟ ತಂದು, ತುಂಬಿಸಿಕೊಂಡು ಬಂದು ಕಿಟಕಿಯಲ್ಲಿಟ್ಟಳು. ಕಾಯಬೇಕಾಗಲಿಲ್ಲ. ಅವಳ ಕಣ್ಣೆದುರೇ ಮಣ್ಣು ಇಳಿದು ಇಳಿದು ಹೆಬ್ಬೆರಳ ದಪ್ಪಕ್ಕೆ ಕೂತಿತು.

ಹಿಡಿ ಕೈಗೆ ತೆಗೆದುಕೊಂಡಳು. ಹೊರಗೆ ಟೆಂಪೋ ಬಂದು ನಿಂತ ಸದ್ದಾಯಿತು. ಮೊದಲ ಲೋಡು ಅವತ್ತು. ಬೇಗ ನಾಲ್ಕೆಲೆಗೆ ಬಂದ ಎಲೆಕೋಸಿನ ಸಸಿ, ಐವತ್ತು ತಟ್ಟೆ, ಹಿಂದಿನ ಸಂಜೆಯೇ ಅಂಗಳಕ್ಕೆ ತಂದಿಟ್ಟದ್ದು. ಮಗಳು ಒಂದೊಂದು ತಟ್ಟೆಯನ್ನೂ ಮಗುವನ್ನು ಮಲಗಿಸಿದ ಹಾಗೆ ಟೆಂಪೋದಲ್ಲಿ ಜೋಡಿಸುತ್ತಿದ್ದಳು. ಜೋಡಿಸುತ್ತಾ ಏನೋ ಒಂದು ರಾಗ ಗುನುಗುತ್ತಿದ್ದಳು. ತೂಬಮ್ಮ ಕಿಟಕಿಯಿಂದ ಕೇಳಿಸಿಕೊಂಡಳು. ಈ ಮನೆಗೆ ವಾಪಸು ಬಂದ ಮೇಲೆ ಅವಳು ಗುನುಗಿದ್ದು ಅದೇ ಮೊದಲು.

ಮಗಳು ಕಿಟಕಿಯ ಹತ್ತಿರ ಬರುವುದನ್ನು ನೋಡಿ ತೂಬಮ್ಮ ಕೈಗೆ ಸಿಕ್ಕ ಒರೆಸುಬಟ್ಟೆಯನ್ನು ಲೋಟದ ಮೇಲೆ ಎಸೆದಳು.

"ಮಧ್ಯಾಹ್ನಕ್ಕೆ ಬಂದ್ಬಿಡ್ತೀನಮ್ಮ. ಉಳಿದಿದ್ದಕ್ಕೆ ಬೆಳಿಗ್ಗೆ ಹತ್ತು ಗಂಟೆಗೆ ಒಂದ್ಸಲ ನೀರು ಹಾಯಿಸ್ತೀಯಾ?"

"ಹಾಯಿಸ್ತೀನಿ, ಹೋಗು," ಎಂದಳು ತೂಬಮ್ಮ. ಹೋಗು ಎಂದದ್ದೇ ಐದು ವರ್ಷದ ಹಿಂದಿನ ಬಾಗಿಲು ನೆನಪಾಯಿತು. ಮಗಳು ನಕ್ಕು ಕೈಬೀಸಿ ಟೆಂಪೋ ಹತ್ತಿದಳು.

ಮೂರು ದಿನ. ಮೂರೇ ದಿನ ತಾನೇ ಉಳಿದಿರುವುದು. ತೂಬಮ್ಮ ತೂಬಿಗೆ ಹೋಗಲಿಲ್ಲ. ಬಕೆಟ್ಟು, ಸಲಿಕೆ ತೆಗೆದುಕೊಂಡು ಊಟೆಯ ಹತ್ತಿರ ಹೋದಳು. ಮೈದುನ ಬಿಟ್ಟುಹೋಗಿದ್ದ ಮರಳಿನ ಗುಡ್ಡೆ ಅಲ್ಲೇ ಇತ್ತು. ಗಂಡ ಹೇಳಿದ ಹಾಗೆ ಮೊದಲು ಮರಳು. ಒಂದು ಬಕೆಟ್ಟು ಸುರಿದಳು, ನೀರು ಅದನ್ನು ನುಂಗಿತು. ಹತ್ತು ಸುರಿದಳು, ನುಂಗಿತು. ಜಲ್ಲಿ ಹೊತ್ತು ತಂದಳು. ಕಲ್ಲು ಹೊತ್ತು ತಂದಳು. ಅರವತ್ತರ ಸೊಂಟ ಬೇಡ ಬೇಡ ಎಂದು ಕೂಗಿಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವತ್ತನೆಯ ಬಕೆಟ್ಟಿನ ಹೊತ್ತಿಗೆ ಊಟೆ ಕೊಡದ ಬಾಯಿಯಷ್ಟು ಅಗಲವಾಗಿತ್ತು. ಬರುತ್ತಿದ್ದದ್ದು ನೀರಲ್ಲ, ಗಂಜಿಯಂಥ ಕೆಸರು. ನೀರು ಇಳಿಸದೆ ಮರಳು ಸುರಿದರೆ ನಿಲ್ಲುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅಷ್ಟು ಹೊತ್ತು ಸುರಿದಳು.

ಆಗ ಬಕೆಟ್ಟು ಬಿಸಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಏರಿಯ ಮೇಲೆ ಓಡಿದಳು. ಹಿಡಿ ಸಿಕ್ಕಿಸಿ ತಿರುಗಿಸತೊಡಗಿದಳು. ಒಂದು ಸುತ್ತು, ಎರಡು, ಮೂರು. ಆರನೆಯ ಸುತ್ತಿಗೆ ಕೆಳಗೆ ಕಾಲುವೆಯಲ್ಲಿ ನೀರು ನುಗ್ಗಿದ ಸದ್ದು ಕೇಳಿತು. ಒಂಬತ್ತನೆಯ ಸುತ್ತಿಗೆ ಅದಕ್ಕಿಂತ ದೊಡ್ಡ ಸದ್ದು. ತಿರುಗಿ ನೋಡಿದರೆ, ಹಳೆಯ ಮರದ ಬುಡವಿದ್ದ ಕಡೆ ಏರಿಯ ನೆತ್ತಿ ಕುಸಿದು ಒಳಗೆ ಕೂತಿತ್ತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅಷ್ಟೂ ಮಣ್ಣು ಒಟ್ಟಿಗೆ ಕೆಳಕ್ಕೆ ಹೋಯಿತು, ಅದರ ಹಿಂದೆ ನೀರು ಹೋಯಿತು.

ಮಳೆಯಿಲ್ಲ, ಗಾಳಿಯಿಲ್ಲ. ಹೊತ್ತು ಹನ್ನೊಂದು ಗಂಟೆ, ಮೇಲೆ ಚುರುಚುರು ಬಿಸಿಲು. ಆ ಬಿಸಿಲಿನಲ್ಲಿ ಹಸಿರು ಬಲೆಯ ಚಪ್ಪರ ಒಂದು ಸಲ ಗಾಳಿ ತುಂಬಿದಂತೆ ಉಬ್ಬಿತು, ಬಿತ್ತು, ಇಲ್ಲವಾಯಿತು. ತೂಬಮ್ಮ ಹಿಡಿಯನ್ನು ಬಿಡಲಿಲ್ಲ. ಹತ್ತು, ಹನ್ನೊಂದು, ಹನ್ನೆರಡು ಎಂದು ತಿರುಗಿಸುತ್ತಲೇ ಇದ್ದಳು. ಪಕ್ಕದಲ್ಲಿ ಕಟ್ಟೆಗೆ ಕಟ್ಟೆಯೇ ಖಾಲಿಯಾಗುತ್ತಿರುವಾಗ ತೂಬು ಎತ್ತಿ ಏನು ಸುಖ? ಆದರೂ ಇಪ್ಪತ್ತು ಸುತ್ತು ಮುಗಿಸಿಯೇ ನಿಲ್ಲಿಸಿದಳು.

ಎರಡು ಗಂಟೆಯಲ್ಲಿ ಎಲ್ಲಾ ಮುಗಿಯಿತು. ಮನುಷ್ಯರು ಯಾರೂ ಸಾಯಲಿಲ್ಲ. ಎರಡು ಕರು ಹೋದವು. ಇಟ್ಟಿಗೆಯವನ ಹಸಿ ಇಟ್ಟಿಗೆಗಳು ಕರಗಿ ಮತ್ತೆ ಮಣ್ಣಾದವು. ಬಟ್ಟೆ ಒಗೆಯುವ ಕಲ್ಲುಗಳು ಎಲ್ಲಿದ್ದವು ಎನ್ನುವುದೂ ತಿಳಿಯದ ಹಾಗೆ ಕೆಸರು ಕೂತಿತು. ಕಟ್ಟೆಯ ಒಡಲಿನಲ್ಲಿ ಬೆರಳುದ್ದದ ಮೀನುಗಳು ಸಾವಿರಗಟ್ಟಲೆ ಪಟಪಟ ಒದ್ದಾಡುತ್ತಿದ್ದವು. ಊರಿಗೆ ಊರೇ ಬುಟ್ಟಿ, ಬಿಂದಿಗೆ, ಪಾತ್ರೆ ಹಿಡಿದು ಇಳಿದು ಬಾಚಿಕೊಂಡಿತು. ಕೆಲವರು ನಗುತ್ತಲೂ ಇದ್ದರು. ನಾಳೆಯಿಂದ ದನಕ್ಕೆ ಕುಡಿಯಲು ಏನು ಎಂಬ ಯೋಚನೆ ಬಂದದ್ದು ಬುಟ್ಟಿ ತುಂಬಿದ ಮೇಲೆ.

ಏರಿಯ ಮುರಿದ ಅಂಚಿನಲ್ಲಿ ಸಿಮೆಂಟಿನ ಚಪ್ಪಡಿ ಹಾಗೇ ನಿಂತಿತ್ತು. "ನನ್ನ ಕೆಲಸ ಕೂದಲಷ್ಟೂ ಅಲ್ಲಾಡಿಲ್ಲ, ನೋಡಿ ಬೇಕಾದ್ರೆ," ಎಂದು ಮೈದುನ ಬಂದವರಿಗೆಲ್ಲಾ ತೋರಿಸುತ್ತಿದ್ದ. ತಮಾಷೆಗೆ ಹೇಳುತ್ತಿರಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು.

ಬುಟ್ಟಿ ತುಂಬಿದವರಿಗೆ ಈಗ ಬೈಯಲು ಒಬ್ಬರು ಬೇಕಾಗಿತ್ತು. ತೂಬಿನ ಕಲ್ಲಿನ ಮೇಲೆ ಕೂತಿದ್ದ ತೂಬಮ್ಮನನ್ನು ಸುತ್ತುಗಟ್ಟಿದರು.

"ದಿನಾ ಬೆಳಿಗ್ಗೆ ಲೋಟ ಹಿಡ್ಕೊಂಡು ತಿರುಗ್ತಿದ್ಯಲ್ಲ, ನಿಂಗೆ ಗೊತ್ತಾಗ್ಲಿಲ್ವಾ?" ಎಂದ ಇಟ್ಟಿಗೆಯವನು. ಬೆಂಚಿನ ಮೇಲೆ ಕೂತು ಅವಳು ಹೇಳಿದ್ದನ್ನೆಲ್ಲಾ ಕೇಳಿದ್ದವನೇ ಅವನು.

"ಇವತ್ತು ಬೆಳಿಗ್ಗೆ ಏನೂ ಕಾಣ್ಲಿಲ್ವಾ ತಾಯಿ?" ಎಂದರು ಅಧ್ಯಕ್ಷರು.

ತೂಬಮ್ಮ ತಲೆಯೆತ್ತಿದಳು. ಗುಂಪಿನ ಹಿಂದೆ ಟೆಂಪೋ ಬಂದು ನಿಂತಿತ್ತು. ಮಗಳು ಇಳಿದು, ತನ್ನ ತೋಟವಿದ್ದ ಕಡೆ ಒಂದು ಸಲ ನೋಡಿ, ಮುಖ ತಿರುಗಿಸಿಕೊಂಡು, ಜನರನ್ನು ಸರಿಸುತ್ತಾ ಇತ್ತಲೇ ಬರುತ್ತಿದ್ದಳು.

"ಇಲ್ಲ," ಎಂದಳು ತೂಬಮ್ಮ. "ಏನೂ ಕಾಣ್ಲಿಲ್ಲ."

"ಏನ್ರೀ ಅವಳನ್ನ ಕೇಳ್ತೀರ?" ಎಂದು ಮಗಳು ಅಮ್ಮನ ಮುಂದೆ ಬಂದು ನಿಂತಳು. ದನಿ ನಡುಗುತ್ತಿತ್ತು. "ಹದಿನೇಳು ದಿನದ ಹಿಂದೆ ಬಡ್ಕೊಂಡ್ಳು, ಯಾರು ಕೇಳಿದ್ರಿ? ನಾನೂ ಕೇಳ್ಲಿಲ್ಲ. ಇವತ್ತು ಕಂಡಿದ್ರೆ ನಮ್ಮಮ್ಮ ಸುಮ್ನಿರ್ತಿದ್ಳಾ? ನಿಮ್ಮನ್ನೂ ಕೇಳ್ತಿರ್ಲಿಲ್ಲ, ನನ್ನನ್ನೂ ಕೇಳ್ತಿರ್ಲಿಲ್ಲ, ಹೋಗಿ ತೂಬು ಎತ್ತಿರೋಳು. ಬೇಕಾದ್ರೆ ನನ್ನ ತಲೆ ಮೇಲೆ ಕೈಯಿಟ್ಟು ಹೇಳ್ತೀನಿ."

ಜನ ಗೊಣಗುತ್ತಾ ಚದುರಿದರು. ಮಗಳು ಅಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು. ಕೆಸರು ತುಂಬಿದ ದಾರಿಯಲ್ಲಿ ಒಬ್ಬರಿಗೊಬ್ಬರು ಆತುಕೊಂಡು ಮನೆಗೆ ನಡೆದರು. ದಾರಿಯುದ್ದಕ್ಕೂ ಮುರಿದ ತಟ್ಟೆಗಳು, ಬೇರು ಮೇಲಾದ ಸಸಿಗಳು. ಮಗಳು ಒಂದನ್ನೂ ಬಗ್ಗಿ ಎತ್ತಲಿಲ್ಲ. "ಬಿಡಮ್ಮ," ಎನ್ನುತ್ತಿದ್ದಳು, "ನೀನಿದ್ದೀಯಲ್ಲ, ಅಷ್ಟು ಸಾಕು." ತೂಬಮ್ಮನಿಗೆ ಆ ಕೈ ತನ್ನ ರಟ್ಟೆಯನ್ನು ಸುಡುತ್ತಿರುವಂತೆ ಅನಿಸಿತು. ಈಗ ಹೇಳಿಬಿಡಬೇಕು ಎಂದುಕೊಂಡಳು. ಮನೆ ತಲುಪಲಿ ಎಂದುಕೊಂಡಳು.

ಮನೆಯಲ್ಲಿ ಮಗಳು ಮುಖ ತೊಳೆಯಲು ಹೋದಳು. ಬಕೆಟ್ಟು ಖಾಲಿ. ಕೊಡದ ತಳದಲ್ಲಿ ಒಂದು ಬೊಗಸೆಯಿತ್ತು. ಅದರಲ್ಲೇ ಮುಖಕ್ಕೆ ಹಚ್ಚಿಕೊಂಡಳು. ಒರೆಸಿಕೊಳ್ಳಲು ಬಟ್ಟೆಗಾಗಿ ಸುತ್ತ ನೋಡಿ, ಕಿಟಕಿಯ ಹತ್ತಿರ ಹೋಗಿ ಎಳೆದುಕೊಂಡಳು.

ಬಟ್ಟೆಯ ಕೆಳಗೆ ಲೋಟವಿತ್ತು. ಮೇಲೆ ನೀರು ಕನ್ನಡಿಯ ಹಾಗೆ ತಿಳಿ. ತಳದಲ್ಲಿ ಹೆಬ್ಬೆರಳ ದಪ್ಪ ಹಳದಿ ಮಣ್ಣು.

ಅವಳು ಮುಖ ಒರೆಸಿಕೊಳ್ಳಲಿಲ್ಲ. ಏಳು ವರ್ಷದವಳಾಗಿದ್ದಾಗ ಹಿಡಿಯುತ್ತಿದ್ದ ಹಾಗೆಯೇ ಲೋಟವನ್ನು ಬೆಳಕಿಗೆ ಎತ್ತಿ ಹಿಡಿದಳು. ಅಷ್ಟು ತಿಳಿಯಾಗಬೇಕಾದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಇದು ಯಾವಾಗ ತಂದಿದ್ದು?"

"ಬೆಳಿಗ್ಗೆ."

"ನಾನು ಹೊರಡೋಕೆ ಮುಂಚೆನಾ?"

"ಹೂಂ."

"ನಾನು ಈ ಕಿಟಕಿ ಹತ್ರಾನೇ ಬಂದು ನಿಂತಿದ್ನಲ್ಲಮ್ಮ."

"ಮೂರೇ ದಿನ ಉಳಿದಿತ್ತು," ಎಂದಳು ತೂಬಮ್ಮ. "ನೀನು ಹಾಡ್ಕೋತಿದ್ದೆ. ನಿಂಗೆ ಇನ್ನೊಂದ್ಸಲ ಇಲ್ಲ ಅನ್ನೋಕೆ ನನ್ನಿಂದ ಆಗ್ಲಿಲ್ಲ. ಅವತ್ತು ಬಾಗಿಲಲ್ಲಿ ಅಂದಿದ್ದೇ ಸಾಕಾಗಿತ್ತು."

ಮಗಳು ಲೋಟವನ್ನು ಎಲ್ಲಿತ್ತೋ ಅಲ್ಲೇ ಇಟ್ಟಳು, ಒಂದು ಹನಿಯೂ ಚೆಲ್ಲದ ಹಾಗೆ.

"ಅವತ್ತು ನಾನು ಬೇಡ ಅಂದಿದ್ದು ಕೂದಲೆಳೆ ಮಣ್ಣಿಗೆ. ಇದನ್ನ ತೋರಿಸಿದ್ರೆ ನಾನೇ ಓಡಿ ಹೋಗಿ ತಿರುಗಿಸ್ತಿದ್ದೆ. ನಾನೂ ಅಪ್ಪನ ಮಗಳೇ ತಾನೇ? ಸಸಿಗೋಸ್ಕರ ಊರಿನ ನೀರು ಕಳೀತೀನಿ ಅಂತ ಹೆಂಗಮ್ಮಾ ಅಂದ್ಕೊಂಡೆ ನನ್ನ?"

ತೂಬಮ್ಮ ಗೋಡೆಗೊರಗಿ ಕೂತಳು.

"ಆ ಬಾಗಿಲಿನ ವಿಷಯ ನಾನು ಯಾವತ್ತೋ ಬಿಟ್ಟಿದ್ದೆ ಕಣಮ್ಮ," ಎಂದಳು ಮಗಳು. ಈಗ ಅವಳ ದನಿ ನಡುಗುತ್ತಿರಲಿಲ್ಲ. "ನೀನೇ ಬಿಡ್ಲಿಲ್ಲ. ಈಗ್ತಾನೇ ಅಷ್ಟು ಜನರ ಮುಂದೆ ನನ್ನ ಹತ್ರ ಸುಳ್ಳು ಆಣೆ ಬೇರೆ ಮಾಡಿಸ್ದೆ."

ಒಳಕೋಣೆಗೆ ಹೋಗಿ ಚೀಲ ತಂದಳು. ಎರಡು ವರ್ಷದ ಹಿಂದೆ ತಂದಿದ್ದ ಅದೇ ಚೀಲ. ತೂಬಮ್ಮ ಎದ್ದು ಬಾಗಿಲಿಗೆ ಅಡ್ಡ ನಿಂತಳು. ಎರಡೂ ಕೈಯಿಂದ ಬಾಗಿಲವಾಡ ಹಿಡಿದುಕೊಂಡು, "ಹೋಗಬೇಡ," ಎಂದಳು. ಆ ಮಾತನ್ನು ಐದು ವರ್ಷ ತಡಮಾಡಿ ಆಡುತ್ತಿದ್ದೇನೆಂದು ಆಡುವಾಗಲೇ ಅವಳಿಗೆ ತಿಳಿಯಿತು. ಮಗಳು ಬೈಯಲಿಲ್ಲ, ದೂಡಲಿಲ್ಲ. ಅಮ್ಮನ ಒಂದು ಕೈಯನ್ನು ಮೆಲ್ಲಗೆ ಬಿಡಿಸಿ, ಆ ಸಂದಿನಲ್ಲಿ ಹೊರಗೆ ಹೋದಳು. ಟೆಂಪೋದವನು ಇನ್ನೂ ಹೋಗಿರಲಿಲ್ಲ.

ಸಂಜೆ ಕಮಿಟಿಯವರು ಯಾರೋ ಬಂದು ಹಿಡಿ ಕೇಳಿದರು. ತೂಬಮ್ಮ ಕೊಟ್ಟಳು. ಅವರು ಹೋದ ಮೇಲೆ ಬಾಯಿ ಒಣಗಿ ಅಡುಗೆಮನೆಗೆ ಹೋದಳು. ಕೊಡ ಖಾಲಿ, ಬಕೆಟ್ಟು ಖಾಲಿ. ಅಷ್ಟೂ ನೀರಿನಲ್ಲಿ ಉಳಿದಿದ್ದದ್ದು ಕಿಟಕಿಯಲ್ಲಿದ್ದ ಆ ಒಂದು ಲೋಟ. ಅವಳು ಅದರ ಮುಂದೆ ಕೂತಳು. ಕುಡಿಯಲೂ ಇಲ್ಲ, ಚೆಲ್ಲಲೂ ಇಲ್ಲ.